ಆರ್ಡರ್ ಕೊಡುವಾಗ ನಿಮ್ಮ ನಾಲಿಗೆ ಎಲ್ಲಿ ಹೋಗಿತ್ತು?

ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನವೆಂಬರ್ ಒಂದನೇ ತಾರೀಖು ಹಳದಿ-ಕೆಂಪು ಶಾಲು ಹೊದ್ದು, ಬೈಕಿಗೆ ಬಾವುಟ ಕಟ್ಟಿಕೊಂಡು ಮಲ್ಲೇಶ್ವರವನ್ನೆಲ್ಲಾ ಸುತ್ತಿದಿರಲ್ಲ, ಗಂಟಲು ಕಟ್ಟುವವರೆಗೂ ಜೈಕಾರ ಹಾಕಿದಿರಲ್ಲ, ಆಮೇಲೆ ಹಸಿವಾಯಿತಲ್ಲ, ಎಲ್ಲಿಗೆ ಹೋಗಿ ಕೂತಿರಿ? ಕೂತ ಮೇಲೆ ಯಾವ ಭಾಷೆಯಲ್ಲಿ ತಿಂಡಿ ಕೇಳಿದಿರಿ?

ನೀವು ಹೇಳಬೇಕಾಗಿಲ್ಲ. ಪಕ್ಕದ ಟೇಬಲಿನಲ್ಲಿ ನಾನೇ ಇದ್ದೆ.

ಆ ಕೆಫೆಯ ಹೆಸರು ಬೇಡ. ಸಂಪಿಗೆ ರಸ್ತೆಯಿಂದ ಒಂದು ಅಡ್ಡರಸ್ತೆಗೆ ತಿರುಗಿದರೆ ಸಿಗುತ್ತದೆ. ಗಾಜಿನ ಬಾಗಿಲು, ಸೀಲಿಂಗಿನಿಂದ ಇಳಿಬಿಟ್ಟ ಬಲ್ಬುಗಳು, ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಇಂಗ್ಲಿಷ್ ಮೆನು. ನಾಲ್ಕು ಜನ ಹುಡುಗರು ಬಂದು ಕೂತರು. ಹೆಗಲ ಮೇಲೆ ಶಾಲು ಇನ್ನೂ ಹಾಗೇ ಇತ್ತು. ಹೊರಗೆ ನಿಲ್ಲಿಸಿದ ಬೈಕಿನ ನಂಬರು ಕೆಎ 11, ಅಂದರೆ ಮಂಡ್ಯ. ತಮ್ಮ ತಮ್ಮಲ್ಲಿ ಮಾತಾಡಿದ್ದು ಅಚ್ಚ ಮಂಡ್ಯದ ಕನ್ನಡ, ಕೇಳಿದರೆ ಹೊಟ್ಟೆ ತಣ್ಣಗಾಗಬೇಕು. ಸಪ್ಲೈಯರ್ ಹುಡುಗ ಹತ್ತಿರ ಬಂದ ಕೂಡಲೇ ಏನಾಯಿತೋ ಏನೋ! "ಭಯ್ಯಾ, ಟೂ ಕ್ಯಾಪುಚಿನೊ, ಟೂ ಕೋಲ್ಡ್ ಕಾಫಿ, ಏಕ್ ಫ್ರೈಸ್, ಥೋಡಾ ಜಲ್ದಿ." ಆ ಹುಡುಗ "ಶೂರ್ ಸರ್" ಎಂದು ತಲೆ ಆಡಿಸಿ, ಒಳಗೆ ತಿರುಗಿ ಕೂಗಿದ್ದು ಹೀಗೆ: "ಲೋ, ಎರಡು ಬಿಸಿ ಎರಡು ಕೋಲ್ಡು, ಬೇಗ ಕೊಡ್ಲಾ!"

ಬಿಲ್ಲು ಕೊಡುವಾಗ ಊರು ಯಾವುದಪ್ಪಾ ಎಂದು ಕೇಳಿದೆ. ಅರಕಲಗೂಡಿನ ಕಡೆ ಎಂದ. ಗಿರಾಕಿಗಳ ಜೊತೆ ಕನ್ನಡ ಯಾಕೆ ಮಾತಾಡಲ್ಲ ಎಂದೆ. ಅವನು ನನ್ನ ಮುಖ ನೋಡಿ ನಕ್ಕ. "ಅವರು ಮಾತಾಡಿದ್ರೆ ತಾನೇ ಸಾರ್ ನಾವು ಮಾತಾಡೋದು?"

ಅಷ್ಟೇ. ಮಂಡ್ಯದ ಹುಡುಗ ಅರಕಲಗೂಡಿನ ಹುಡುಗನ ಹತ್ತಿರ, ಬೆಂಗಳೂರಿನ ನಟ್ಟ ನಡುವೆ, ರಾಜ್ಯೋತ್ಸವದ ದಿನ, ಪರಭಾಷೆಯಲ್ಲಿ ಕಾಫಿ ಕೇಳಿದ. ಇದಕ್ಕೆ ಯಾವ ದೆಹಲಿಯನ್ನು ಬಯ್ಯೋಣ ಹೇಳಿ? ಯಾವ ಸರ್ಕಾರ ನಿಮ್ಮ ಬಾಯಿಗೆ ಹಿಂದಿ ತುರುಕಿತು? ಯಾವ ವಲಸಿಗ ಬಂದು ನಿಮ್ಮ ಕೊರಳಪಟ್ಟಿ ಹಿಡಿದ? ಮೇಜಿನ ಆಚೆ ಈಚೆ ಇದ್ದವರೆಲ್ಲಾ ಕನ್ನಡಿಗರು. ಕನ್ನಡ ಮಾತ್ರ ಅಲ್ಲಿರಲಿಲ್ಲ.

ಆ ಕಾಫಿಯ ಜಾತಕವನ್ನೂ ಸ್ವಲ್ಪ ನೋಡಿ. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ, ಈ ಮೂರೇ ಜಿಲ್ಲೆ. ಬಾಬಾಬುಡನ್ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದ ಎಂಬ ಕಥೆಯನ್ನು ನಾವು ಮೂರನೇ ಕ್ಲಾಸಿನಿಂದ ಕೇಳಿದ್ದೇವೆ. ಕಾಫಿ ಮಂಡಳಿಯ ಕೇಂದ್ರ ಕಚೇರಿ ಇರುವುದೂ ಇದೇ ಬೆಂಗಳೂರಿನಲ್ಲಿ. 1996ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ಶುರು ಮಾಡಿ ದೇಶದ ಹುಡುಗ ಹುಡುಗಿಯರಿಗೆಲ್ಲಾ ಕೆಫೆಯಲ್ಲಿ ಕೂರುವುದನ್ನು ಕಲಿಸಿದ ವಿ.ಜಿ. ಸಿದ್ಧಾರ್ಥ ಚಿಕ್ಕಮಗಳೂರಿನ ಕಾಫಿ ತೋಟದ ಮನೆತನದವರು. ಗಿಡ ನಮ್ಮದು, ಬೆಟ್ಟ ನಮ್ಮದು, ಕುಯ್ಯುವ ಕೈ ನಮ್ಮದು, ಮಾರುಕಟ್ಟೆಗೆ ಹೋದ ಸಾಹುಕಾರನೂ ನಮ್ಮವನೇ. ಕಪ್ಪು ಮೇಜಿಗೆ ಬರುವ ಹೊತ್ತಿಗೆ ಮಾತ್ರ ಅದು ಇಟಲಿಯ ಹೆಸರಿನಲ್ಲಿ ಬರಬೇಕು, ನೀವು ಅದನ್ನು ಇಂಗ್ಲಿಷಿನಲ್ಲಿ ಕೇಳಬೇಕು! ಕ್ಯಾಪುಚಿನೊ ಕುಡಿಯಬೇಡಿ ಎಂದು ನಾನು ಹೇಳುತ್ತಿಲ್ಲ. ಕುಡಿಯಿರಿ. "ಎರಡು ಕ್ಯಾಪುಚಿನೊ ಕೊಡಪ್ಪಾ, ಸ್ವಲ್ಪ ಬೇಗ" ಎಂದರೆ ಹಾಲಿನ ನೊರೆ ಇಳಿದುಹೋಗುತ್ತದೆಯೇ?

ಇರಲಿ. ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಿಮಗೆ ತಿನ್ನಲು ಜಾಗವಿಲ್ಲವೇ? ಅದೂ ಮಲ್ಲೇಶ್ವರದಲ್ಲಿ?

1898ರ ಪ್ಲೇಗಿನ ಸುತ್ತಿನಲ್ಲಿ ಕಿಷ್ಕಿಂಧೆಯಾಗಿದ್ದ ಪೇಟೆಯಿಂದ ಜನರನ್ನು ಆಚೆ ತರಲು ಮಾಡಿದ ಬಡಾವಣೆ ಇದು. ಕಾಡು ಮಲ್ಲೇಶ್ವರನ ಗುಡಿಯಿಂದ ಹೆಸರು ಬಂತು. (ಕೊನೆಗೆ ಅಂಟಿಸಿರುವ ಆ 'ಂ' ಯಾಕೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.) ಉದ್ದಕ್ಕೆ ಎರಡು ದೊಡ್ಡ ರಸ್ತೆಗಳು, ಸಂಪಿಗೆ ರಸ್ತೆ ಮತ್ತು ಮಾರ್ಗೋಸಾ ರಸ್ತೆ. ಮಾರ್ಗೋಸಾ ಎಂದರೆ ಯಾರೋ ದೊರೆಯ ಹೆಸರೆಂದು ನಿಮ್ಮಲ್ಲಿ ಅರ್ಧ ಜನ ತಿಳಿದಿದ್ದೀರಿ. ಅಲ್ಲ ಸ್ವಾಮಿ, ಅದು ನಮ್ಮ ಬೇವಿನ ಮರ. ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ಬಿದ್ದ ಪದ. ಸಂಪಿಗೆಯ ಪುಣ್ಯ, ಅದಕ್ಕೆ ಅದರ ಹೆಸರು ಉಳಿಯಿತು. ಬೇವಿಗೆ ಆ ಭಾಗ್ಯವೂ ಇಲ್ಲ.

ಹಸಿರು ಮಾರ್ಗದ ಮೆಟ್ರೋ ಹಿಡಿದು ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ನಿಲ್ದಾಣದಲ್ಲಿ ಇಳಿಯಿರಿ. 2014ರಿಂದ ಅಲ್ಲಿ ರೈಲು ನಿಲ್ಲುತ್ತಿದೆ. ನಿಲ್ದಾಣದಲ್ಲೇ ಮಾಲಿನ ಬಾಗಿಲು ಕೈಹಿಡಿದು ಒಳಗೆಳೆಯುತ್ತದೆ. ಆ ಬಾಗಿಲು ದಾಟಿ ಬನ್ನಿ, ಅಷ್ಟು ಮಾಡಿದರೆ ಸಾಕು.

ಏಳನೇ ಅಡ್ಡರಸ್ತೆ ಮಾರ್ಗೋಸಾ ರಸ್ತೆಗೆ ಸೇರುವ ಮೂಲೆಯಲ್ಲಿ ಸಿ.ಟಿ.ಆರ್. ಸೆಂಟ್ರಲ್ ಟಿಫಿನ್ ರೂಮ್ ಎಂಬುದರ ಮೊಟಕು. 1920ರ ದಶಕದ ಹೋಟೆಲು. ಈಗ ಅದರ ಹೆಸರು ಶ್ರೀ ಸಾಗರ್, ಆದರೆ ಹಾಗೆಂದು ಆಟೋದವನಿಗೆ ಹೇಳಿದರೆ ಅವನು ನಿಮ್ಮನ್ನು ಬೇರೆಲ್ಲೋ ಇಳಿಸಿಯಾನು. ಬೆಣ್ಣೆ ಮಸಾಲೆ ದೋಸೆಗೆ ಹೆಸರಾದ ಜಾಗ. ದಾವಣಗೆರೆಯ ಬೆಣ್ಣೆ ದೋಸೆಯೇ ಬೇರೆ, ಇದೇ ಬೇರೆ. ಎರಡನ್ನೂ ಒಂದೇ ಎನ್ನುವವರು ಎರಡನ್ನೂ ತಿಂದಿಲ್ಲ. ಅಲ್ಲಿಯ ಹಿಟ್ಟಿಗೆ ಮಂಡಕ್ಕಿ ಬೀಳುತ್ತದೆ, ದೋಸೆ ಮೆತ್ತಗೆ, ಬೆಳ್ಳಗೆ, ಪಲ್ಯ ಪಕ್ಕದಲ್ಲಿ. ಇಲ್ಲಿಯದು ಹೊರಗೆ ಇಟ್ಟಿಗೆ ಬಣ್ಣಕ್ಕೆ ಗರಿಗರಿ, ಒಳಗೆ ಮೃದು, ಪಲ್ಯ ಹೊಟ್ಟೆಯಲ್ಲಿ. ಭಾನುವಾರ ಬೆಳಿಗ್ಗೆ ಹೋದರೆ ಬಾಗಿಲಲ್ಲಿ ಕಾಯಬೇಕು. ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ, ಸಂಜೆಗೆ ತೆಗೆಯುತ್ತಾರೆ. ನಿಮ್ಮ ಮೇಜಿಗೆ ಗುರುತೇ ಇಲ್ಲದ ಇನ್ನಿಬ್ಬರು ಬಂದು ಕೂರುತ್ತಾರೆ. ಅದಕ್ಕೆ ಮುಖ ಸಿಂಡರಿಸಬೇಡಿ. ಬೆಂಗಳೂರಿನಲ್ಲಿ ಗುರುತಿಲ್ಲದವರ ಜೊತೆ ಕನ್ನಡ ಮಾತಾಡುವ ಅವಕಾಶ ಇನ್ನೆಲ್ಲಿ ಸಿಗುತ್ತದೆ?

ಅಲ್ಲಿಂದ ಅದೇ ರಸ್ತೆಯಲ್ಲಿ ಮೇಲಕ್ಕೆ ಹೋಗಿ. ಹದಿನೈದನೇ ಅಡ್ಡರಸ್ತೆಯ ಹತ್ತಿರ ವೀಣಾ ಸ್ಟೋರ್ಸ್. 1977ರಿಂದ ಇದೆ. ಹೆಸರು ನೋಡಿದರೆ ದಿನಸಿ ಅಂಗಡಿ, ಬಾಗಿಲೂ ಅಷ್ಟೇ ಅಗಲ. ಕೂರಲು ಜಾಗವಿಲ್ಲ. ತಟ್ಟೆ ಹಿಡಿದು ಬೀದಿಯಲ್ಲಿ ನಿಲ್ಲಬೇಕು, ಮರದ ನೆರಳೋ ಕಾರಿನ ಬಾನೆಟ್ಟೋ ನಿಮ್ಮ ಟೇಬಲು. ಇಡ್ಲಿ, ವಡೆ, ಖಾರಾಬಾತು, ಕೇಸರಿಬಾತು, ಶ್ಯಾವಿಗೆ. ಸಾಂಬಾರು ಕೇಳಬೇಡಿ, ಇಲ್ಲ. ಚಟ್ನಿ ಇದೆ, ನೀರಾದ ಹಸಿರು ಚಟ್ನಿ, ಎಷ್ಟು ಸಲ ಕೇಳಿದರೂ ಹಾಕುತ್ತಾರೆ. ಮಲ್ಲೇಶ್ವರದ ಮುದುಕರು ವಾಕಿಂಗ್ ಮುಗಿಸಿ, ಕಾಲೇಜಿನ ಮಕ್ಕಳು ಕ್ಲಾಸಿಗೆ ಚಕ್ಕರ್ ಹೊಡೆದು, ಕೊರಿಯರ್ ಹುಡುಗರು ಹೆಲ್ಮೆಟ್ಟು ತೆಗೆಯದೆ, ಎಲ್ಲರೂ ಒಂದೇ ಫುಟ್‌ಪಾತಿನ ಮೇಲೆ.

ರೈಲು ನಿಲ್ದಾಣದ ಎದುರಿನ ರಾಘವೇಂದ್ರ ಸ್ಟೋರ್ಸ್ ಕೂಡ ಇದೇ ಜಾತಿಯದು, ನಿಂತು ತಿನ್ನುವ ಜಾಗ. ಎಂಟನೇ ಅಡ್ಡರಸ್ತೆಯಲ್ಲಿ ಜನತಾ ಹೋಟೆಲ್ ಇದೆ. ಹಬ್ಬದ ಹಿಂದಿನ ದಿನ ಹೂವು, ಬಾಳೆಕಂದು, ಮಾವಿನ ಸೊಪ್ಪಿನ ಗದ್ದಲದಲ್ಲಿ ನುಗ್ಗಿ ಒಳಗೆ ಹೋಗಿ ಒಂದು ಮಸಾಲೆ, ಒಂದು ಕಾಫಿ ಹೇಳಿ ಕೂತರೆ ಹೊರಗಿನ ಬೆಂಗಳೂರು ಮರೆತುಹೋಗುತ್ತದೆ. ಅಕ್ಕಿ ರೊಟ್ಟಿ, ರಾಗಿ ರೊಟ್ಟಿ ಬೇಕಾದರೆ ಸಂಪಿಗೆ ರಸ್ತೆಯ ಹಳ್ಳಿಮನೆ.

ಮಲ್ಲೇಶ್ವರದ ಹೊಗಳುಭಟನಾಗುವುದು ನನ್ನ ಉದ್ದೇಶವಲ್ಲ. ಈ ಹಳೆಯ ಹೋಟೆಲುಗಳಲ್ಲಿ ಕರ್ನಾಟಕದ ಅರ್ಧ ಅಡಿಗೆಮನೆಗೆ ಜಾಗವೇ ಇಲ್ಲ. ಬಸ್ಸಾರು ಎಲ್ಲಿ? ಜೋಳದ ರೊಟ್ಟಿ, ಎಣ್ಣೆಗಾಯಿ ಎಲ್ಲಿ? ಮುದ್ದೆಯ ಜೊತೆ ಮಟನ್ ಸಾರು ಬೇಕಾದವನು ಮಿಲಿಟರಿ ಹೋಟೆಲು ಹುಡುಕಿಕೊಂಡು ಬೇರೆ ಬಡಾವಣೆಗೆ ಹೋಗಬೇಕು. ಕನ್ನಡಿಗರ ತಿಂಡಿ ಎಂದರೆ ಇಡ್ಲಿ, ದೋಸೆ ಮಾತ್ರ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಂದು ಕಾಲಕ್ಕೆ ಈ ಊರಿನ ಹೋಟೆಲುಗಳು ಜಾತಿಯ ಹೆಸರನ್ನೇ ಬೋರ್ಡಿಗೆ ಹಾಕಿಕೊಳ್ಳುತ್ತಿದ್ದವು. ಇವತ್ತು ಜಗತ್ತೆಲ್ಲಾ ಎಂ.ಟಿ.ಆರ್. ಎಂದು ಕರೆಯುವುದು 1924ರಲ್ಲಿ ಬ್ರಾಹ್ಮಣರ ಕಾಫಿ ಕ್ಲಬ್ಬಾಗಿ ಶುರುವಾದದ್ದು. ಇದನ್ನೆಲ್ಲಾ ಸದ್ದಿಲ್ಲದೆ ಒಡೆದದ್ದು ದರ್ಶಿನಿ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಕೆಫೆ ದರ್ಶಿನಿ ತೆರೆದರು. ಕುರ್ಚಿಯಿಲ್ಲ, ಮಾಣಿಯಿಲ್ಲ, ಟೋಕನ್ ತಗೊಂಡು ನಿಂತು ತಿನ್ನು. ಅಲ್ಲಿ ಯಾರ ಭುಜಕ್ಕೆ ಯಾರ ಭುಜ ತಾಗುತ್ತದೆ ಎಂದು ಯಾರು ಕೇಳುತ್ತಾರೆ? ಮೇಸ್ತ್ರಿ, ಮ್ಯಾನೇಜರು, ಮಾರ್ವಾಡಿ, ಮಸೀದಿಗೆ ಹೋಗಿ ಬಂದವನು, ಎಲ್ಲರಿಗೂ ಒಂದೇ ಸ್ಟೀಲಿನ ಕಂಬದ ಮೇಜು. ಬೆಂಗಳೂರಿನ ಕನ್ನಡ ಉಳಿದಿದ್ದರೆ ಅದು ಈ ಕಂಬದ ಮೇಜುಗಳ ಸುತ್ತ ಉಳಿದಿದೆ. ಸಭೆ, ಸಮ್ಮೇಳನ ಆಮೇಲಿನ ಮಾತು.

ಆ ಮೇಜಿನ ಕನ್ನಡವನ್ನು ಕಿವಿಗೊಟ್ಟು ಕೇಳಿದ್ದೀರಾ? "ಒಂದು ಸಿಂಗಲ್ ಇಡ್ಲಿ, ವಡೆ ಅದ್ದಿ." "ಚೌ ಚೌ ಬಾತ್, ಖಾರ ಜಾಸ್ತಿ." "ಖಾಲಿ ದೋಸೆ ಖಾಲಿ!" "ಬೈ ಟು ಕಾಫಿ, ಸಕ್ಕರೆ ಕಮ್ಮಿ, ಸ್ಟ್ರಾಂಗು." ಇದು ಪಂಡಿತರ ಕನ್ನಡವಲ್ಲ, ಅರ್ಧ ಇಂಗ್ಲಿಷಿದೆ. ಇದ್ದರೆ ಇರಲಿ! ಇಂಗ್ಲಿಷಿನ ಪದವನ್ನು ಹಿಡಿದು ತಂದು, ಅದಕ್ಕೆ ನಮ್ಮ ಪ್ರತ್ಯಯದ ಮೂಗುದಾರ ಹಾಕಿ ನಮ್ಮ ಕೆಲಸಕ್ಕೆ ಹಚ್ಚಿದ ಭಾಷೆ ಅದು. ಒಂದು ಕಾಫಿಯನ್ನು ಇಬ್ಬರಿಗೆ ಹಂಚಿ ಎರಡು ಲೋಟದಲ್ಲಿ ಕೊಡುವುದಕ್ಕೆ 'ಬೈ ಟು' ಎಂಬ ಹೆಸರಿಟ್ಟವರು ಲಂಡನ್ನಿನವರಲ್ಲ. ನಿಮ್ಮ ಗಾಜಿನ ಬಾಗಿಲಿನ ಕೆಫೆಯಲ್ಲಿ ಒಮ್ಮೆ ಬೈ ಟು ಕೇಳಿ ನೋಡಿ. ಕೇಳಿದವರ ಮುಖ ನೋಡುವುದಕ್ಕಾದರೂ ಕೇಳಿ.

ಈಗ ಸ್ವಲ್ಪ ನೋವಿನ ಮಾತು. ಸಂಪಿಗೆ ರಸ್ತೆಯಲ್ಲಿ ನ್ಯೂ ಕೃಷ್ಣ ಭವನ ಎಂದಿತ್ತು. 1954ರಲ್ಲಿ ಶುರುವಾದ ಹೋಟೆಲು. ಸಾಂಬಾರಿನಲ್ಲಿ ಮುಳುಗಿಸಿದ ಗುಂಡಿಯಷ್ಟು ಪುಟ್ಟ ಬಟನ್ ಇಡ್ಲಿಗೆ ಹೆಸರುವಾಸಿ. 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಸುದ್ದಿ ಹೊರಬಿದ್ದ ದಿನದಿಂದ ಅಲ್ಲಿ ಜನವೋ ಜನ! ಮೊಬೈಲಿನಲ್ಲಿ ಫೋಟೋ, ಕಣ್ಣೀರು, 'ನಮ್ಮ ಬಾಲ್ಯ ಮುಗಿಯಿತು' ಎಂಬ ಒಕ್ಕಣೆ. ನಾನೂ ಆ ಸಾಲಿನಲ್ಲಿ ನಿಂತಿದ್ದೆ, ನನ್ನನ್ನು ಬಿಟ್ಟು ಬಯ್ಯುವುದಿಲ್ಲ. ನಿಂತಲ್ಲೇ ಲೆಕ್ಕ ಹಾಕಿದೆ, ನಾನು ಅಲ್ಲಿಗೆ ಹಿಂದಿನ ಸಲ ಹೋಗಿ ಎಷ್ಟು ದಿನವಾಯಿತು ಎಂದು. ಎರಡು ವರ್ಷ ದಾಟಿತ್ತು. ನನ್ನ ಮುಂದೆ ನಿಂತಿದ್ದ ಹುಡುಗನನ್ನು ಕೇಳಿದರೆ ಅವನು ಬಂದದ್ದೇ ಮೊದಲ ಸಲ.

ಹೋಟೆಲು ನಡೆಯುವುದು ಕೊನೆಯ ದಿನದ ಸಾಲಿನಿಂದಲ್ಲ. ಮಳೆ ಬರುವ ಬುಧವಾರ ಮಧ್ಯಾಹ್ನ ಮೂರೂವರೆಗೆ ಛತ್ರಿ ಮಡಿಸಿ ಒಳಗೆ ಬರುವ ಗಿರಾಕಿಯಿಂದ. ಸಂಪಿಗೆ ರಸ್ತೆಯಲ್ಲಿ ಒಂದು ಅಡಿ ಜಾಗಕ್ಕೆ ಇವತ್ತು ಏನು ಬೆಲೆ ಇದೆ ಎಂದು ಯಾರಾದರೂ ಬ್ರೋಕರನ್ನು ಕೇಳಿ. ಆ ಬೆಲೆಯ ಮುಂದೆ ಒಂದು ತಟ್ಟೆ ಇಡ್ಲಿಯ ಲಾಭವನ್ನಿಟ್ಟು ತೂಗಿ. ಅಪ್ಪ ಕಟ್ಟಿದ ಹೋಟೆಲನ್ನು ಮಗ ನಡೆಸುವುದು ಅಭಿಮಾನಕ್ಕೆ, ಮೊಮ್ಮಗ ಕಂಪ್ಯೂಟರ್ ಓದಿ ಹೊರಟುಹೋಗುತ್ತಾನೆ, ಅದರಲ್ಲಿ ಅವನ ತಪ್ಪೇನೂ ಇಲ್ಲ. ಒಲೆಯ ಮುಂದೆ ಬೆಳಗಿನ ನಾಲ್ಕು ಗಂಟೆಗೆ ನಿಲ್ಲುವ ಕೆಲಸ ಅದು. ಇಂಥ ತಕ್ಕಡಿಯಲ್ಲಿ ನಾವು ಹಾಕಬಹುದಾದ ತೂಕ ಒಂದೇ, ನಮ್ಮ ದಿನನಿತ್ಯದ ಗಿರಾಕಿತನ. ಅದನ್ನು ನಾವು ಒಯ್ದು ಎಲ್ಲಿ ಹಾಕುತ್ತಿದ್ದೇವೆ? ಆ ಕೆಫೆಯಲ್ಲಿ ನನ್ನ ಒಬ್ಬನ ಬಿಲ್ಲು ಮುನ್ನೂರರ ಹತ್ತಿರ ಬಂದಿತ್ತು. ಒಂದು ಕಾಫಿ, ಒಂದು ಬಿಸ್ಕತ್ತಿನಂಥ ಪದಾರ್ಥ. ಆ ಹಣದಲ್ಲಿ ವೀಣಾ ಸ್ಟೋರ್ಸಿನ ಮುಂದೆ ಇಡೀ ಗೆಳೆಯರ ಗುಂಪು ಹೊಟ್ಟೆ ತುಂಬಿಸಿಕೊಳ್ಳಬಹುದಿತ್ತು.

"ಸಾರ್, ದರ್ಶಿನಿಯಲ್ಲೂ ಈಗ ಕೆಲಸದವರು ಹೊರಗಿನವರು, ಕನ್ನಡ ಬರಲ್ಲ" ಎನ್ನುತ್ತೀರಿ. ನಿಜ. ಕುಂದಾಪುರ, ಉಡುಪಿಯ ಕಡೆಯಿಂದ ಮಾಣಿಗಳು ಬರುತ್ತಿದ್ದ ಕಾಲ ಮುಗಿಯುತ್ತಾ ಬಂತು. ಈಗ ಒಡಿಶಾ, ಬಿಹಾರ, ಅಸ್ಸಾಂ, ನೇಪಾಳದಿಂದ ಬಂದ ಹುಡುಗರು ತಟ್ಟೆ ತೊಳೆಯುತ್ತಾರೆ, ದೋಸೆ ತಿರುವುತ್ತಾರೆ. ಅವರ ಮೇಲೆ ರೇಗಿ ಮೊಬೈಲಿನಲ್ಲಿ ವಿಡಿಯೋ ಮಾಡಿ ಹಾಕುವ ಶೂರರು ನಮ್ಮಲ್ಲಿ ಹುಟ್ಟಿಕೊಂಡಿದ್ದಾರೆ. ಅವರಿಗೆ ನೇರವಾಗಿ ಹೇಳುತ್ತೇನೆ: ಹನ್ನೆರಡು ಗಂಟೆ ನಿಂತು ದುಡಿದ ಹತ್ತೊಂಬತ್ತರ ಹುಡುಗನನ್ನು ನಾಲ್ಕು ಜನ ಸುತ್ತುವರಿದು ಹೆದರಿಸುವುದು ಕನ್ನಡದ ಕೆಲಸವಲ್ಲ, ಹೇಡಿಗಳ ಕೆಲಸ. ಧೈರ್ಯವಿದ್ದರೆ ಗಲ್ಲಾದ ಮೇಲೆ ಕೂತವನನ್ನು ಕೇಳಿ. ಮೆನು ಕನ್ನಡದಲ್ಲಿ ಯಾಕಿಲ್ಲ ಎಂದು ಮಾಲೀಕನನ್ನು ಕೇಳಿ. ಅವನಿಗೆ ಭಾಷೆ ಅರ್ಥವಾಗದಿದ್ದರೂ ಗಿರಾಕಿ ಎದ್ದುಹೋಗುವುದು ಅರ್ಥವಾಗುತ್ತದೆ.

ಇನ್ನು ಆ ಹುಡುಗ? ಅವನ ಜೊತೆ ಕನ್ನಡದಲ್ಲೇ ಮಾತಾಡಿ, ನಿಧಾನವಾಗಿ, ನಗುತ್ತಾ, ದಿನಾ. ನಾನು ಕಾಫಿ ಕುಡಿಯುವ ದರ್ಶಿನಿಯ ಅಸ್ಸಾಮಿ ಹುಡುಗ ಬಂದ ಹೊಸತರಲ್ಲಿ 'ಸಕ್ಕರೆ' ಎಂದರೆ ಕಣ್ಣು ಕಣ್ಣು ಬಿಡುತ್ತಿದ್ದ. ಆರೇ ತಿಂಗಳಲ್ಲಿ "ಏನ್ ಸಾರ್, ನಿನ್ನೆ ಬರ್ಲಿಲ್ಲ?" ಎಂದು ವಿಚಾರಿಸುವಷ್ಟಾದ. ಯಾವ ಕಲಿಕಾ ಕೇಂದ್ರಕ್ಕೂ ಅವನು ಹೋಗಿಲ್ಲ. ಬೆಳಿಗ್ಗೆ ಆರರಿಂದ ಅವನ ಕಿವಿಗೆ ಬಿದ್ದದ್ದು ಕನ್ನಡ, ಅಷ್ಟೇ. ಅದೇ ಹುಡುಗ ನಿಮ್ಮ ಕೆಫೆಯಲ್ಲಿ ಕೆಲಸಕ್ಕೆ ಸೇರಿದ್ದರೆ? ಅಲ್ಲಿ ಹತ್ತು ವರ್ಷ ಇದ್ದರೂ ಕಲಿಯುತ್ತಿರಲಿಲ್ಲ, ಯಾಕೆಂದರೆ ಅಲ್ಲಿ ನೀವಿದ್ದೀರಿ! ಅರಕಲಗೂಡಿನವನ ಬಾಯಿಂದಲೇ ಕನ್ನಡ ಬಿಡಿಸಿದವರು ಅಸ್ಸಾಮಿನವನಿಗೆ ಕಲಿಸುತ್ತೀರಾ?

ಕಾನೂನು ಇದೆಯಲ್ಲ ಎನ್ನಬೇಡಿ. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ ಪ್ರಕಾರ ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ನೂರಕ್ಕೆ ಅರವತ್ತು ಪಾಲು ಕನ್ನಡ ಇರಬೇಕು. ಒಳ್ಳೆಯದು. ಅದಕ್ಕಾಗಿ 2023ರ ಡಿಸೆಂಬರಿನಲ್ಲಿ ಬೀದಿಗಿಳಿದು ಜೈಲಿಗೆ ಹೋಗಿ ಬಂದವರಿದ್ದಾರೆ. ಅದರ ಫಲವಾಗಿ ಹೊರಗೆ ಬೋರ್ಡು ಬದಲಾಗುತ್ತಿದೆ, ಇಂಗ್ಲಿಷ್ ಹೆಸರನ್ನೇ ಕನ್ನಡ ಅಕ್ಷರದಲ್ಲಿ ದಪ್ಪಗೆ ಬರೆಸುತ್ತಿದ್ದಾರೆ. ಬಾಗಿಲು ತಳ್ಳಿ ಒಳಗೆ ಹೋದ ಮೇಲೆ? ಅಲ್ಲಿಗೆ ಬೋರ್ಡಿನ ಕಾನೂನು ಬರುವುದಿಲ್ಲ. ನಿಮ್ಮ ಬಾಯಿಯ ಅರವತ್ತು ಪಾಲನ್ನು ಅಳೆಯಲು ಯಾವ ಇನ್ಸ್‌ಪೆಕ್ಟರನೂ ಟೇಪು ಹಿಡಿದು ಬರುವುದಿಲ್ಲ.

ಹುಡುಗಿಯನ್ನು ಕರೆದುಕೊಂಡು ಹೋದಾಗ ಕನ್ನಡದಲ್ಲಿ ಆರ್ಡರ್ ಕೊಟ್ಟರೆ ಮರ್ಯಾದೆ ಹೋಗುತ್ತದೆ ಎಂದು ಒಬ್ಬ ಹುಡುಗ ನನ್ನ ಹತ್ತಿರ ಮನಸ್ಸು ಬಿಚ್ಚಿ ಹೇಳಿದ. ಅವನ ಪ್ರಾಮಾಣಿಕತೆ ಇಷ್ಟವಾಯಿತು. ರೋಗ ಇರುವುದೇ ಅಲ್ಲಿ. ದರ್ಶಿನಿಯಲ್ಲಿ ಕನ್ನಡ, ಗಾಜಿನ ಬಾಗಿಲಿನೊಳಗೆ ಇಂಗ್ಲಿಷ್, ಸಪ್ಲೈಯರನಿಗೆ ಹಿಂದಿ. ಅಂದರೆ ಕಡಿಮೆ ದುಡ್ಡಿನ ಜಾಗಕ್ಕೆ ನಮ್ಮ ಭಾಷೆ, ಹೆಚ್ಚು ದುಡ್ಡಿನ ಜಾಗಕ್ಕೆ ಅವರ ಭಾಷೆ ಎಂದು ಯಾರೂ ಹೇಳದೆಯೇ ನಾವು ದರಪಟ್ಟಿ ಮಾಡಿಕೊಂಡಿದ್ದೇವೆ. ಅಂದಹಾಗೆ ಆ ಹುಡುಗಿಯ ಊರು ಯಾವುದಪ್ಪಾ ಎಂದು ಕೇಳಿದೆ. ತಿಪಟೂರಂತೆ!

ಬೀರು ಕುಡಿಯುವವರು ಈ ಬರಹ ತಮಗಲ್ಲ ಎಂದು ನುಣುಚಿಕೊಳ್ಳಬೇಡಿ. ಇಂದಿರಾನಗರ, ಚರ್ಚ್ ಸ್ಟ್ರೀಟಿಗೆ ಹೋಗುವವರು ಹೋಗಿ, ಮನೆಗೆ ಮಾತ್ರ ಮೆಟ್ರೋದಲ್ಲಿ ವಾಪಸು ಬನ್ನಿ. ಅಲ್ಲಿಯೂ ಮಾತು ಇದೇ. ಮೂರನೇ ಗ್ಲಾಸಿನ ಮೇಲೆ ನಿಮಗೆಲ್ಲಾ ತಾನಾಗಿಯೇ ಕನ್ನಡ ಬರುತ್ತದೆ, ಅಣ್ಣಾವ್ರ ಹಾಡೂ ಬರುತ್ತದೆ. ನನ್ನ ಬೇಡಿಕೆ ಮೊದಲನೇ ಗ್ಲಾಸು ಕೇಳುವಾಗಲೂ ಬರಲಿ ಎಂದಷ್ಟೇ.

ಮಂಗಳವಾರ ಸಂಜೆ ಐದು ಗಂಟೆಗೆ ನಾನು ಏಳನೇ ಅಡ್ಡರಸ್ತೆಯ ಮೂಲೆಯಲ್ಲಿರುತ್ತೇನೆ. ವಾರದ ನಡುವಿನ ದಿನ, ಅಷ್ಟೊಂದು ಕಾಯಬೇಕಾಗುವುದಿಲ್ಲ. ದೋಸೆಯ ದುಡ್ಡು ನಿಮ್ಮದು ನಿಮಗೆ. ಕಾಫಿ ಬೈ ಟು ಮಾಡೋಣ, ಹೇಳುವುದು ಮಾತ್ರ ನೀವು.